ಇಮೇಲ್ ಬ್ಯಾಕಪ್: ಯಾವ ದಾರಿ ಯಾರಿಗೆ?

ಜಿಮೇಲ್‌ನ 15 ಜಿಬಿ ತುಂಬಿತೆಂಬ ಎಚ್ಚರಿಕೆ ಬಂದಾಗಲೋ, ಪರಿಚಯದವರೊಬ್ಬರ ಖಾತೆ ಕೈತಪ್ಪಿದ ಸುದ್ದಿ ಕೇಳಿದಾಗಲೋ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹಳೆಯ ಇಮೇಲ್‌ಗಳನ್ನೆಲ್ಲ ಭದ್ರವಾಗಿ ಎತ್ತಿಡಬೇಕು. ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳಲು ಗೂಗಲ್ಲೇ ಕೊಡುವ ಗೂಗಲ್ ಟೇಕ್‌ಔಟ್ ಬಳಸಲೇ, ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲೇ, ಇನ್ನೊಂದು ಖಾತೆಗೆ ಫಾರ್ವರ್ಡ್ ಮಾಡಲೇ, ಇಲ್ಲವೇ ದುಡ್ಡು ಕೊಟ್ಟು ಗೂಗಲ್‌ನಲ್ಲೇ ಇನ್ನಷ್ಟು ಜಾಗ ಕೊಳ್ಳಲೇ? ಮೇಲುನೋಟಕ್ಕೆ ಇವು ಒಂದೇ ಊರಿಗೆ ಹೋಗುವ ನಾಲ್ಕು ದಾರಿಗಳು. ನಿಜದಲ್ಲಿ ಕೊನೆಯದು ಬ್ಯಾಕಪ್ಪೇ ಅಲ್ಲ, ಮೂರನೆಯದು ಅರ್ಧ ಬ್ಯಾಕಪ್, ಎರಡನೆಯದು ಒಂದು ಸಣ್ಣ ಹೆಜ್ಜೆ ತಪ್ಪಿದರೆ ಬ್ಯಾಕಪ್ ಆಗುವುದಿಲ್ಲ. ಹಾಗಾಗಿ ಮೊದಲು ಅಳತೆಗೋಲುಗಳನ್ನು ಇಟ್ಟುಕೊಂಡು, ಆಮೇಲೆ ಒಂದೊಂದನ್ನೇ ತೂಗಿ ನೋಡೋಣ.

ಇಲ್ಲಿ ಮುಖ್ಯವಾಗಿ ಜಿಮೇಲ್ ಬಗ್ಗೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹುಪಾಲು ಜನರ ವೈಯಕ್ತಿಕ ಖಾತೆ ಇರುವುದು ಅಲ್ಲಿ. ಔಟ್‌ಲುಕ್, ಯಾಹೂ ಬಳಸುವವರಿಗೆ ಬೇಕಾದದ್ದನ್ನು ಅಲ್ಲಲ್ಲಿ ಸೇರಿಸಿದ್ದೇನೆ.

ಇಮೇಲ್ ಕಳೆದುಹೋಗುವುದು ಹೇಗೆ?

ಗೂಗಲ್‌ನ ಕಂಪ್ಯೂಟರ್ ಕೆಟ್ಟು ನಮ್ಮ ಪತ್ರಗಳೆಲ್ಲ ಅಳಿಸಿಹೋಗಬಹುದೆಂಬ ಭಯ ಹಲವರಿಗಿದೆ. ಅಂಥದ್ದು ಒಮ್ಮೆ ನಡೆದೂ ಇದೆ. 2011ರ ಫೆಬ್ರವರಿಯಲ್ಲಿ ಒಂದು ತಂತ್ರಾಂಶ ದೋಷದಿಂದ ಸುಮಾರು ಶೇ 0.02ರಷ್ಟು ಜಿಮೇಲ್ ಬಳಕೆದಾರರ ಅಂಚೆಪೆಟ್ಟಿಗೆ ಖಾಲಿಯಾಗಿತ್ತು. ಗೂಗಲ್ ಒಂದೇ ದತ್ತಾಂಶವನ್ನು ಹಲವು ಕೇಂದ್ರಗಳಲ್ಲಿ ಇಟ್ಟಿದ್ದರೂ ದೋಷ ಆ ಪ್ರತಿಗಳಿಗೂ ತಗಲಿತ್ತು. ಕೊನೆಗೆ ಪತ್ರಗಳು ಮರಳಿ ಬಂದದ್ದು ಜಾಲದಿಂದ ದೂರ ಇಟ್ಟಿದ್ದ ಮ್ಯಾಗ್ನೆಟಿಕ್ ಟೇಪ್‌ಗಳಿಂದ. ಪ್ರತಿಗಳು ಎಷ್ಟಿದ್ದರೂ ಅವೆಲ್ಲ ಒಂದಕ್ಕೊಂದು ಜೋಡಿಸಿಕೊಂಡೇ ಇದ್ದರೆ ಪೆಟ್ಟು ಎಲ್ಲಕ್ಕೂ ಒಟ್ಟಿಗೆ ಬೀಳುತ್ತದೆ. ಮನೆಯ ಬ್ಯಾಕಪ್ಪಿಗೂ ಇದೇ ಸೂತ್ರ.

ಆದರೆ ಸಾಮಾನ್ಯ ಬಳಕೆದಾರರು ಪತ್ರ ಕಳೆದುಕೊಳ್ಳುವುದು ಹೆಚ್ಚಾಗಿ ಬೇರೆ ಕಾರಣಗಳಿಂದ. ಫೋನ್ ಕಳೆದು, ಹೊಸ ಸಿಮ್ ಕೊಂಡು, ಹಳೆಯ ಸಂಖ್ಯೆಗೆ ಹೋಗುವ ಒಟಿಪಿ ಸಿಗದೆ ಖಾತೆಯ ಬಾಗಿಲು ಮುಚ್ಚಿಕೊಳ್ಳುವುದು ಒಂದು. ನಮ್ಮ ದೇಶದಲ್ಲಿ 90 ದಿನ ಬಳಕೆಯಿಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ಕಡಿತಗೊಳಿಸಬಹುದು, ಮುಂದೆ ಅದನ್ನೇ ಇನ್ನೊಬ್ಬರಿಗೆ ಕೊಡಬಹುದು. ವಿದೇಶಕ್ಕೆ ಹೋದ ಎಷ್ಟೋ ಕನ್ನಡಿಗರು ಊರಿನ ಸಂಖ್ಯೆಯನ್ನೇ ಖಾತೆಯ ಮರುಪಡೆಯುವಿಕೆಗೆ ಕೊಟ್ಟು, ಆ ಸಂಖ್ಯೆಗೆ ರೀಚಾರ್ಜ್ ಮಾಡುವುದನ್ನು ಮರೆತಿರುತ್ತಾರೆ. ಎರಡನೆಯದು, ಬಳಸದೆ ಬಿಟ್ಟ ಖಾತೆ. ಎರಡು ವರ್ಷ ಯಾರೂ ಪ್ರವೇಶಿಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಪ್ರಕಟಿಸಿ, ಆ ವರ್ಷದ ಡಿಸೆಂಬರ್‌ನಿಂದ ಜಾರಿಗೆ ತಂದಿತು. ಯಾಹೂ ಇನ್ನೂ ಬಿಗಿ. ಅಲ್ಲಿ ಹನ್ನೆರಡು ತಿಂಗಳು ತೆರೆಯದಿದ್ದರೆ ಅಂಚೆಪೆಟ್ಟಿಗೆ ಖಾಲಿಯಾಗಬಹುದು. ಮೂರನೆಯದು, ಪಾಸ್‌ವರ್ಡ್ ಕದ್ದವನು ಒಳನುಗ್ಗಿ ಎಲ್ಲವನ್ನೂ ಅಳಿಸುವುದು. ನಾಲ್ಕನೆಯದು, ಜಾಗ ಮಾಡಲು ಹೋಗಿ ನಾವೇ ಅಳಿಸುವುದು. ಜಿಮೇಲ್‌ನ ಕಸದಬುಟ್ಟಿಯಲ್ಲಿ ಪತ್ರ 30 ದಿನ ಮಾತ್ರ ಉಳಿಯುತ್ತದೆ.

ಇವುಗಳಲ್ಲಿ ಒಂದಾದರೂ ಆದಾಗ ಹೋಗುವುದು ಹರಟೆಯ ಪತ್ರಗಳಷ್ಟೇ ಅಲ್ಲ. ಫಾರಂ 16, ಆದಾಯ ತೆರಿಗೆ ವಿವರದ ಸ್ವೀಕೃತಿ, ವಿಮೆಯ ರಸೀದಿ, ಮ್ಯೂಚುವಲ್ ಫಂಡ್ ಲೆಕ್ಕಪಟ್ಟಿ, ಕ್ರಯಪತ್ರದ ಸ್ಕ್ಯಾನ್, ವೀಸಾ ಕಾಗದಗಳು, ತೀರಿಕೊಂಡ ತಂದೆ ಬರೆದಿದ್ದ ನಾಲ್ಕು ಸಾಲು, ಎಲ್ಲವೂ ಇರುವುದು ಅಲ್ಲೇ. ಈ ಕೆಲಸಕ್ಕೆ ಒಂದು ಭಾನುವಾರ ಕೊಡಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಅಳತೆಗೋಲುಗಳು

ಯಾವ ವಿಧಾನವನ್ನೇ ಆಗಲಿ ನಾನು ಮೊದಲು ಕೇಳುವ ಪ್ರಶ್ನೆ: ನಾಳೆ ಬೆಳಗ್ಗೆ ಖಾತೆಯೇ ಇಲ್ಲವಾದರೆ ಈ ಪ್ರತಿ ನನ್ನ ಕೈಯಲ್ಲಿ ಉಳಿಯುತ್ತದೆಯೇ? ಉಳಿಯದಿದ್ದರೆ ಉಳಿದ ಗುಣಗಳನ್ನು ನೋಡುವ ಅಗತ್ಯವೇ ಇಲ್ಲ.

ಆಮೇಲೆ ಪೂರ್ಣತೆ. ಬಂದ ಪತ್ರಗಳ ಜೊತೆ ಕಳುಹಿಸಿದವೂ ಬರುತ್ತವೆಯೇ, ಲಗತ್ತುಗಳು ಇರುತ್ತವೆಯೇ, ಲೇಬಲ್‌ಗಳು (ಪತ್ರಗಳನ್ನು ವಿಂಗಡಿಸಲು ಜಿಮೇಲ್‌ನಲ್ಲಿ ಹಚ್ಚುವ ಹೆಸರುಗಳು) ಉಳಿಯುತ್ತವೆಯೇ? ಮೂರನೆಯದು ಗೌಪ್ಯತೆ: ಈ ಪ್ರತಿಯನ್ನು ಇನ್ನು ಯಾರು ಓದಬಲ್ಲರು? ನಾಲ್ಕನೆಯದು, ಹತ್ತು ವರ್ಷದ ನಂತರವೂ ತೆರೆಯಬಹುದಾದ ರೂಪದಲ್ಲಿದೆಯೇ, ಬೇಕಾದಾಗ ಹೊಸ ಖಾತೆಗೆ ಮರಳಿ ತುಂಬಬಹುದೇ? ಕೊನೆಗೆ ಶ್ರಮ ಮತ್ತು ಹಣ. ಶ್ರಮವನ್ನು ಹಣಕ್ಕಿಂತ ಮೇಲೆ ಇಡುತ್ತೇನೆ. ಕಷ್ಟವೆನಿಸಿದ ಬ್ಯಾಕಪ್ಪನ್ನು ಜನ ಒಮ್ಮೆ ಮಾಡಿ ಬಿಟ್ಟುಬಿಡುತ್ತಾರೆ, ಐದು ವರ್ಷ ಹಳೆಯದಾದ ಪ್ರತಿ ಬೇಕಾದ ದಿನ ಅರ್ಧಕ್ಕೇ ನಿಲ್ಲುತ್ತದೆ.

ಹೆಚ್ಚುವರಿ ಜಾಗ ಕೊಳ್ಳುವುದು

ಗೂಗಲ್ ಒನ್‌ನ 100 ಜಿಬಿ ಯೋಜನೆಗೆ ತಿಂಗಳಿಗೆ ಸುಮಾರು 130 ರೂಪಾಯಿ. ಜಾಗದ ಸಮಸ್ಯೆ ಇದ್ದವರಿಗೆ ಇದು ನಿಜವಾದ ಪರಿಹಾರ, ಏಕೆಂದರೆ ಮಿತಿ ಮೀರಿದ ಖಾತೆಗೆ ಹೊಸ ಪತ್ರಗಳು ಬರುವುದೇ ನಿಲ್ಲುತ್ತದೆ. ಎರಡು ವರ್ಷ ಹಾಗೆಯೇ ಬಿಟ್ಟರೆ ಒಳಗಿರುವುದನ್ನೂ ಗೂಗಲ್ ಅಳಿಸಬಹುದು. ಆದರೆ ಇದು ಬ್ಯಾಕಪ್ ಅಲ್ಲ. ಮೊದಲ ಅಳತೆಗೋಲಿನಲ್ಲೇ ಬಿದ್ದುಹೋಗುತ್ತದೆ: ಖಾತೆ ಹೋದರೆ 100 ಜಿಬಿಯೂ ಹೋಗುತ್ತದೆ. ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಇನ್ನೊಂದು ಖಾತೆಗೆ ಫಾರ್ವರ್ಡ್

ಸುಲಭ, ಖರ್ಚಿಲ್ಲ, ಒಮ್ಮೆ ಹೊಂದಿಸಿದರೆ ತಾನಾಗಿ ನಡೆಯುತ್ತದೆ. ಇಲ್ಲಿ ಸೋಲುವುದು ಪೂರ್ಣತೆ. ಫಾರ್ವರ್ಡ್ ಆಗುವುದು ಇಂದಿನಿಂದ ಬರುವ ಪತ್ರಗಳು ಮಾತ್ರ. ಹಳೆಯವು ಅಲ್ಲೇ ಉಳಿಯುತ್ತವೆ. ನೀವು ಕಳುಹಿಸಿದ ಪತ್ರಗಳೂ ಹೋಗುವುದಿಲ್ಲ, ಹಾಗಾಗಿ ಪತ್ರವ್ಯವಹಾರದ ಒಂದೇ ಬದಿ ಉಳಿಯುತ್ತದೆ. ಮನೆ ಮಾಲೀಕರಿಗೋ ಗುತ್ತಿಗೆದಾರರಿಗೋ ನೀವೇನು ಬರೆದಿದ್ದಿರಿ ಎಂದು ತೋರಿಸಬೇಕಾದ ದಿನ ಈ ಕೊರತೆ ಕಾಡುತ್ತದೆ.

ಇನ್ನೊಂದು ಮಾತು: ಎರಡು ಖಾತೆಗಳಿದ್ದರೆ ಎರಡೂ ಬಾಗಿಲುಗಳನ್ನು ಕಾಯಬೇಕು. ಎರಡನೆಯದನ್ನು ಯಾರೂ ದಿನಾ ತೆರೆಯುವುದಿಲ್ಲ. ಅದಕ್ಕೆ ಸಡಿಲ ಪಾಸ್‌ವರ್ಡ್ ಇಟ್ಟು ಮರೆತಿದ್ದರೆ ಕಳ್ಳನಿಗೆ ಮುಖ್ಯ ಖಾತೆಯನ್ನು ಮುಟ್ಟುವ ಅಗತ್ಯವೂ ಬೀಳುವುದಿಲ್ಲ. ಹಾಗೆಯೇ ನಿಮ್ಮ ಖಾತೆಗೆ ನುಗ್ಗಿದವರು ಮೊದಲು ಮಾಡುವ ಕೆಲಸಗಳಲ್ಲಿ ತಮ್ಮ ವಿಳಾಸಕ್ಕೆ ಫಾರ್ವರ್ಡ್ ಹಾಕಿಕೊಳ್ಳುವುದೂ ಒಂದು. ಈ ಲೇಖನ ಓದಿ ಬೇರೇನೂ ಮಾಡದಿದ್ದರೂ, ಜಿಮೇಲ್ ಸೆಟ್ಟಿಂಗ್ಸ್‌ನ ಫಾರ್ವರ್ಡಿಂಗ್ ಪುಟ ತೆರೆದು ಅಲ್ಲಿ ನಿಮಗೆ ಗೊತ್ತಿಲ್ಲದ ವಿಳಾಸವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಕಂಪ್ಯೂಟರ್ ಬ್ರೌಸರ್‌ನಲ್ಲಿ ತೆರೆದರೆ ಅದು ಕಾಣುತ್ತದೆ.

ಗೂಗಲ್ ಟೇಕ್‌ಔಟ್

ಬಹುಪಾಲು ಜನರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಗೂಗಲ್ ತಾನೇ ಕೊಡುವ ಸೌಲಭ್ಯ, ಉಚಿತ, ಮೂರನೆಯವರ ಕೈಗೆ ಏನನ್ನೂ ಕೊಡಬೇಕಾಗಿಲ್ಲ. ಮೇಲ್ ಮಾತ್ರ ಆಯ್ದುಕೊಂಡು ಕೋರಿಕೆ ಸಲ್ಲಿಸಿದರೆ, ಪತ್ರಗಳ ಗಾತ್ರಕ್ಕೆ ತಕ್ಕಂತೆ ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಡೌನ್‌ಲೋಡ್ ಕೊಂಡಿ ಬರುತ್ತದೆ. ಅದು ಸುಮಾರು ಒಂದು ವಾರ ಮಾತ್ರ ಜೀವಂತ. ಬಂದ, ಕಳುಹಿಸಿದ ಪತ್ರಗಳು, ಲಗತ್ತುಗಳು ಎಲ್ಲವೂ ಎಂಬಾಕ್ಸ್ ಎಂಬ ಕಡತದಲ್ಲಿ ಸಿಗುತ್ತವೆ. ಇದು ದಶಕಗಳಿಂದ ಚಾಲ್ತಿಯಲ್ಲಿರುವ ಸರಳ ಪಠ್ಯರೂಪ; ಯಾವ ಕಂಪನಿಯ ಸ್ವತ್ತೂ ಅಲ್ಲ. ಹತ್ತು ವರ್ಷದ ನಂತರವೂ ತೆರೆಯಬಹುದೆಂದು ಧೈರ್ಯವಾಗಿ ಹೇಳಬಹುದಾದ ರೂಪ ಇದ್ದರೆ ಇದು. ಪ್ರತಿ ಪತ್ರದ ಶಿರೋಭಾಗದಲ್ಲಿ ಅದರ ಲೇಬಲ್‌ಗಳೂ ದಾಖಲಾಗಿರುತ್ತವೆ.

ತೊಡಕುಗಳೂ ಇವೆ. ಪ್ರತಿ ಸಲವೂ ಎಲ್ಲವನ್ನೂ ಮೊದಲಿನಿಂದ ಇಳಿಸಬೇಕು. ಹೊಸದಾಗಿ ಬಂದವಷ್ಟನ್ನೇ ಕೊಡು ಎಂದು ಕೇಳುವಂತಿಲ್ಲ. ಮನೆಗೆ ಫೈಬರ್ ಇದ್ದವರಿಗೆ 12 ಜಿಬಿ ಲೆಕ್ಕವಲ್ಲ, ಆದರೆ ದಿನಕ್ಕೆ 1.5 ಜಿಬಿ ಮೊಬೈಲ್ ಡೇಟಾದಲ್ಲಿ ಬದುಕುವವರಿಗೆ ಅದು ದೊಡ್ಡ ಹೊರೆ. ಅಂಥವರು ಕಡತದ ಗಾತ್ರವನ್ನು 1 ಅಥವಾ 2 ಜಿಬಿ ಎಂದು ಆಯ್ದುಕೊಳ್ಳಬೇಕು, ಇಲ್ಲವೇ ಮುಖ್ಯ ಪತ್ರಗಳಿಗೆ ಒಂದು ಲೇಬಲ್ ಹಚ್ಚಿ ಆ ಲೇಬಲ್ಲನ್ನಷ್ಟೇ ಕೇಳಬೇಕು. ಎರಡು ತಿಂಗಳಿಗೊಮ್ಮೆ ಒಂದು ವರ್ಷದವರೆಗೆ ತಾನಾಗಿ ಪ್ರತಿ ಸಿದ್ಧವಾಗುವ ಆಯ್ಕೆಯೂ ಇದೆ. ಆದರೆ ಇಳಿಸಿಕೊಳ್ಳುವ ಕೆಲಸ ನಿಮ್ಮದೇ, ವರ್ಷ ಮುಗಿದ ಮೇಲೆ ಮತ್ತೆ ಹೊಂದಿಸಬೇಕು. ಪ್ರತಿಯನ್ನು ಗೂಗಲ್ ಡ್ರೈವ್‌ಗೇ ಸೇರಿಸು ಎಂಬ ಆಯ್ಕೆಯನ್ನು ಬಿಡಿ. ಅದು ಅದೇ ಖಾತೆಯೊಳಗೆ, ಅದೇ 15 ಜಿಬಿಯನ್ನು ತಿನ್ನುತ್ತಾ ಕೂರುತ್ತದೆ.

ಮರಳಿ ತುಂಬುವುದು ಇದರ ನಿಜವಾದ ದೌರ್ಬಲ್ಯ. ಎಂಬಾಕ್ಸ್ ಕಡತವನ್ನು ಜಿಮೇಲ್‌ಗೆ ನೇರವಾಗಿ ಹಾಕುವ ಗುಂಡಿ ಇಲ್ಲ. ಓದಲಿಕ್ಕೂ ಮರಳಿ ತುಂಬಲಿಕ್ಕೂ ಥಂಡರ್‌ಬರ್ಡ್‌ನಂಥ ತಂತ್ರಾಂಶದ ನೆರವು ಬೇಕು. ಹಾಗಾಗಿ ಟೇಕ್‌ಔಟ್ ಆಪತ್ತಿಗೆ ಎತ್ತಿಟ್ಟ ಪ್ರತಿ. ದಿನನಿತ್ಯ ಹುಡುಕಲು ಅನುಕೂಲವಾದದ್ದಲ್ಲ.

ಔಟ್‌ಲುಕ್ ಡಾಟ್ ಕಾಮ್ ಬಳಸುವವರಿಗೂ ಅಂಚೆಪೆಟ್ಟಿಗೆಯನ್ನು ಹೊರತೆಗೆಯುವ ಆಯ್ಕೆ ಖಾಸಗಿತನದ ಸೆಟ್ಟಿಂಗ್ಸ್‌ನಲ್ಲಿದೆ. ಅಲ್ಲಿ ಸಿಗುವುದು ಮೈಕ್ರೋಸಾಫ್ಟ್‌ನ ಪಿಎಸ್‌ಟಿ ರೂಪ. ಅದನ್ನು ಸರಾಗವಾಗಿ ತೆರೆಯಲು ಔಟ್‌ಲುಕ್ಕೇ ಬೇಕು ಎಂಬುದನ್ನು ಮರೆಯಬೇಡಿ. ಯಾಹೂ ಬಳಸುವವರಿಗೆ ಮುಂದಿನ ದಾರಿಯೇ ಸೂಕ್ತ.

ಥಂಡರ್‌ಬರ್ಡ್: ಶಕ್ತಿಯೂ ಉಂಟು, ಒಂದು ಬಲೆಯೂ ಉಂಟು

ಥಂಡರ್‌ಬರ್ಡ್ 2004ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಜಿಮೇಲ್, ಔಟ್‌ಲುಕ್, ಯಾಹೂ ಯಾವುದನ್ನಾದರೂ ಸೇರಿಸಬಹುದು. ಗೂಗಲ್‌ನ ಸ್ವಂತ ಪುಟದಲ್ಲೇ ಪ್ರವೇಶ ನಡೆಯುವುದರಿಂದ ನಿಮ್ಮ ಪಾಸ್‌ವರ್ಡ್ ತಂತ್ರಾಂಶದ ಬಳಿ ಉಳಿಯುವುದಿಲ್ಲ. ಸಾಲುಸಾಲಾಗಿ ಪತ್ರಗಳನ್ನು ಇಳಿಸುತ್ತಾ ಹೋಗುತ್ತದೆ, ಸಂಪರ್ಕ ಕಡಿದರೆ ಮುಂದಿನ ಸಲ ನಿಂತಲ್ಲಿಂದ ಮುಂದುವರಿಯುತ್ತದೆ. ನಿಧಾನ ಇಂಟರ್‌ನೆಟ್ ಇರುವ ಊರುಗಳಲ್ಲಿ ಈ ಒಂದು ಗುಣಕ್ಕಾಗಿಯೇ ಟೇಕ್‌ಔಟ್‌ಗಿಂತ ಇದು ಮೇಲು. ಕನ್ನಡದಲ್ಲಿ ಹುಡುಕಬಹುದು, ಇಂಟರ್‌ನೆಟ್ ಇಲ್ಲದೆಯೂ ಓದಬಹುದು.

ಬಲೆ ಇರುವುದು ಐಮ್ಯಾಪ್ ಎಂಬ ವ್ಯವಸ್ಥೆಯಲ್ಲಿ. ಅದು ನಕಲು ತೆಗೆದಿಡುವುದಿಲ್ಲ, ಎರಡೂ ಕಡೆಯನ್ನು ಒಂದೇ ರೀತಿ ಇಡುತ್ತದೆ. ಜಿಮೇಲ್‌ನಲ್ಲಿ ಯಾರೋ ಎಲ್ಲವನ್ನೂ ಅಳಿಸಿದರೆ, ಮುಂದಿನ ಸಲ ಥಂಡರ್‌ಬರ್ಡ್ ತೆರೆದಾಗ ಅಲ್ಲೂ ಅಳಿಸಿಹೋಗುತ್ತದೆ. ‘ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಇದೆ’ ಎಂದು ನೆಮ್ಮದಿಯಿಂದಿರುವ ಎಷ್ಟೋ ಮಂದಿಯ ಬಳಿ ಇರುವುದು ಇಂಥ ಕನ್ನಡಿಯ ಬಿಂಬ ಮಾತ್ರ. ಪರಿಹಾರ ಸರಳ: ಥಂಡರ್‌ಬರ್ಡ್‌ನಲ್ಲಿ ‘ಲೋಕಲ್ ಫೋಲ್ಡರ್ಸ್’ ಎಂಬ ವಿಭಾಗವಿದೆ. ಪತ್ರಗಳನ್ನು ವರ್ಷವಾರು ಫೋಲ್ಡರ್ ಮಾಡಿ ಅಲ್ಲಿಗೆ ನಕಲಿಸಬೇಕು. ನಕಲಿಸಬೇಕು, ಸ್ಥಳಾಂತರಿಸಬಾರದು, ಸ್ಥಳಾಂತರಿಸಿದರೆ ಜಿಮೇಲ್‌ನಿಂದ ಹೋಗಿಬಿಡಬಹುದು. ಅಲ್ಲಿಗೆ ಬಂದ ಮೇಲೆ ಆನ್‌ಲೈನ್ ಖಾತೆಗೆ ಏನಾದರೂ ಇವು ಅಲುಗುವುದಿಲ್ಲ. ಆಮೇಲೆ ಥಂಡರ್‌ಬರ್ಡ್ ಪತ್ರಗಳನ್ನೆಲ್ಲ ಇಟ್ಟುಕೊಳ್ಳುವ ಪ್ರೊಫೈಲ್ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಡಿಸ್ಕ್‌ಗೆ ಹಾಕಿ.

ಜಿಮೇಲ್‌ನ ಲೇಬಲ್‌ಗಳು ಇಲ್ಲಿ ಫೋಲ್ಡರ್‌ಗಳಾಗಿ ಕಾಣುತ್ತವೆ. ಒಂದು ಪತ್ರಕ್ಕೆ ಮೂರು ಲೇಬಲ್ ಇದ್ದರೆ ಅದು ಮೂರು ಕಡೆ ಕಾಣಿಸಿಕೊಂಡು, ‘ಆಲ್ ಮೇಲ್’ನಲ್ಲಿ ಮತ್ತೊಮ್ಮೆ ಬರುತ್ತದೆ. ‘ಆಲ್ ಮೇಲ್’ ಒಂದನ್ನೇ ನಕಲಿಸಿದರೆ ಜಾಗ ಉಳಿಯುತ್ತದೆ. ಲೇಬಲ್‌ಗಳ ವಿಂಗಡಣೆ ಮುಖ್ಯವೆನಿಸಿದವರು ಬೇಕಾದ ಲೇಬಲ್‌ಗಳನ್ನಷ್ಟೇ ತೆಗೆದುಕೊಳ್ಳಲಿ.

ಫೋನಿಗೂ ಈಗ ಥಂಡರ್‌ಬರ್ಡ್ ಬಂದಿದೆ. ಪತ್ರ ಓದಲು ಚೆನ್ನಾಗಿದೆ, ಬ್ಯಾಕಪ್ಪಿಗೆ ಅಲ್ಲ.

ಮೇಲ್‌ಸ್ಟೋರ್ ಹೋಮ್

ವಿಂಡೋಸ್ ಮಾತ್ರ ಬಳಸುವ, ಹೆಚ್ಚು ತಲೆಕೆಡಿಸಿಕೊಳ್ಳಲು ಇಷ್ಟವಿಲ್ಲದ ಗೃಹಸ್ಥರಿಗೆ ಇದು ನನಗೆ ಹೆಚ್ಚು ಹಿಡಿಸಿದ ಉಪಕರಣ. ಖಾಸಗಿ ಬಳಕೆಗೆ ಉಚಿತ. ಇದನ್ನು ಕಟ್ಟಿರುವುದೇ ಸಂಗ್ರಹಕ್ಕಾಗಿ, ಹಾಗಾಗಿ ಐಮ್ಯಾಪ್‌ನ ಬಲೆ ಇಲ್ಲಿಲ್ಲ. ಖಾತೆಯಲ್ಲಿ ಅಳಿಸಿದ್ದು ಸಂಗ್ರಹದಲ್ಲಿ ಉಳಿದೇ ಇರುತ್ತದೆ. ಎರಡನೆಯ ಸಲ ನಡೆಸಿದಾಗ ಹೊಸ ಪತ್ರಗಳನ್ನು ಮಾತ್ರ ತರುತ್ತದೆ. ಮನೆಯವರೆಲ್ಲರ ಖಾತೆಗಳನ್ನೂ ಒಂದೇ ಸಂಗ್ರಹಕ್ಕೆ ಸೇರಿಸಬಹುದು. ಪೆನ್ ಡ್ರೈವ್‌ನಿಂದಲೇ ನಡೆಯುವ ರೂಪವೂ ಉಂಟು. ಬೇಕಾದಾಗ ಇನ್ನೊಂದು ಖಾತೆಗೆ ಮರಳಿ ತುಂಬುವ ಸೌಲಭ್ಯ ಒಳಗೇ ಇದೆ, ಟೇಕ್‌ಔಟ್‌ಗಿಂತ ಇದು ಬಹಳ ಮುಂದೆ ಇರುವುದು ಇಲ್ಲಿಯೇ.

ಬದಲಿಗೆ ಕೊಡುವ ಬೆಲೆ ಏನು? ಸಂಗ್ರಹ ಅದರದೇ ರೂಪದಲ್ಲಿರುತ್ತದೆ. ತಂತ್ರಾಂಶ ಇರುವವರೆಗೆ ತೊಂದರೆಯಿಲ್ಲ. ಒಂದು ದಿನ ನಿಂತುಹೋದರೆ ಕಷ್ಟ. ಆದ್ದರಿಂದ ವರ್ಷಕ್ಕೊಮ್ಮೆ ಅದರಿಂದಲೇ ಇಎಂಎಲ್ ಕಡತಗಳಾಗಿ ಹೊರತೆಗೆದು ಇಟ್ಟುಕೊಳ್ಳಿ. ಇಎಂಎಲ್ ಎಂದರೆ ಒಂದು ಪತ್ರಕ್ಕೆ ಒಂದು ಕಡತ, ಬಹುತೇಕ ಇಮೇಲ್ ತಂತ್ರಾಂಶಗಳಲ್ಲಿ ತೆರೆಯುತ್ತದೆ.

ಕಮಾಂಡ್ ಸಾಲಿನಲ್ಲಿ ಕೆಲಸ ಮಾಡಿ ರೂಢಿಯಿರುವವರಿಗೆ ‘ಗಾಟ್ ಯುವರ್ ಬ್ಯಾಕ್’ ಇದೆ. ಜಿಮೇಲ್‌ಗಾಗಿಯೇ ಬರೆದದ್ದು, ಲೇಬಲ್‌ಗಳ ಸಮೇತ ಇಳಿಸಿ, ಲೇಬಲ್‌ಗಳ ಸಮೇತ ಮರಳಿ ತುಂಬುತ್ತದೆ. ಒಂದು ಖಾತೆಯಿಂದ ಇನ್ನೊಂದು ಸಂಸ್ಥೆಯ ಖಾತೆಗೆ ಎಲ್ಲವನ್ನೂ ಸಾಗಿಸಲು ‘ಐಮ್ಯಾಪ್‌ಸಿಂಕ್’ ಉಂಟು. ಇವು ಬೇಕಾದವರಿಗೆ ನನ್ನ ವಿವರಣೆ ಬೇಕಾಗುವುದಿಲ್ಲ.

ಹಣ ಪಡೆದು ಬ್ಯಾಕಪ್ ಮಾಡುವ ಸೇವೆಗಳು

ನಿಮ್ಮ ಖಾತೆಗೆ ಅನುಮತಿ ಪಡೆದು ದಿನವೂ ತಮ್ಮ ಸರ್ವರ್‌ಗೆ ಪ್ರತಿ ತೆಗೆಯುವ ಸೇವೆಗಳಿವೆ. ಶ್ರಮ ಏನೂ ಇಲ್ಲ. ವಕೀಲರು, ಲೆಕ್ಕಪರಿಶೋಧಕರು, ಸಣ್ಣ ವ್ಯಾಪಾರಸ್ಥರು, ಹೀಗೆ ಒಂದು ದಿನದ ಪತ್ರ ಹೋದರೂ ನಷ್ಟವಾಗುವವರಿಗೆ ಅರ್ಥವಿರಬಹುದು. ಉಳಿದವರಿಗೆ ನಾನು ಬೇಡವೆನ್ನುತ್ತೇನೆ. ಆ ಕಂಪನಿಯ ಬಳಿ ನಿಮ್ಮ ಎಲ್ಲ ಪತ್ರಗಳ ಇನ್ನೊಂದು ಪ್ರತಿ ಇರುತ್ತದೆ. ಅಲ್ಲಿ ಕಳ್ಳತನವಾದರೆ ನಿಮ್ಮ ಪತ್ರಗಳೂ ಹೋದಂತೆ. ಚಂದಾ ಹೆಚ್ಚಾಗಿ ಡಾಲರ್‌ನಲ್ಲಿ, ನಿಲ್ಲಿಸಿದ ದಿನ ಪ್ರತಿಯೂ ಹೋಗುತ್ತದೆ.

ಇನ್ನೂ ಹೆಚ್ಚು ಎಚ್ಚರಿಸಬೇಕಾದದ್ದು ‘ಒಂದೇ ಕ್ಲಿಕ್ಕಿನಲ್ಲಿ ಎಲ್ಲ ಮೇಲ್ ಪಿಡಿಎಫ್’ ಎನ್ನುವ ಉಚಿತ ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಬಗ್ಗೆ. ‘ನಿಮ್ಮ ಎಲ್ಲ ಇಮೇಲ್ ಓದಲು, ಕಳುಹಿಸಲು, ಅಳಿಸಲು’ ಅನುಮತಿ ಕೇಳುವ ಪುಟ ಬಂದಾಗ ಅದರ ಅರ್ಥ ಅಕ್ಷರಶಃ ಅದೇ. ಬ್ಯಾಂಕಿನಿಂದ ಬರುವ ಪಾಸ್‌ವರ್ಡ್ ಬದಲಾವಣೆಯ ಕೊಂಡಿಯೂ ಅದರಲ್ಲಿ ಸೇರಿದೆ. ಹಿಂದೆ ಇಂಥದ್ದಕ್ಕೆ ಅನುಮತಿ ಕೊಟ್ಟಿದ್ದರೆ ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ಹೊರಗಿನ ಆ್ಯಪ್‌ಗಳ ಪಟ್ಟಿ ನೋಡಿ, ಬೇಡದ್ದನ್ನು ತೆಗೆದುಹಾಕಿ. ಪಿಡಿಎಫ್ ರೂಪಕ್ಕೇ ಇನ್ನೊಂದು ಕೊರತೆಯಿದೆ: ಪತ್ರ ಯಾವ ಸರ್ವರ್‌ಗಳನ್ನು ದಾಟಿ ಬಂತೆಂಬ ಶಿರೋಭಾಗ ಅದರಲ್ಲಿ ಉಳಿಯುವುದಿಲ್ಲ. ಮುಂದೆ ವ್ಯಾಜ್ಯದಲ್ಲಿ ಸಾಕ್ಷ್ಯವಾಗಬಹುದಾದ ಪತ್ರಗಳನ್ನು ಜಿಮೇಲ್‌ನ ‘ಡೌನ್‌ಲೋಡ್ ಮೆಸೇಜ್’ ಆಯ್ಕೆಯಿಂದ ಇಎಂಎಲ್ ಆಗಿ ಇಟ್ಟುಕೊಳ್ಳುವುದು ಒಳ್ಳೆಯದು. ಖಾತೆಯಲ್ಲಿನ ಮೂಲವನ್ನೂ ಅಳಿಸಬೇಡಿ.

ಯಾವ ದಾರಿಯಲ್ಲೂ ಬಾರದ ಪತ್ರಗಳು

ಜಿಮೇಲ್‌ನ ಲಗತ್ತಿನ ಮಿತಿ 25 ಎಂಬಿ. ಅದಕ್ಕಿಂತ ದೊಡ್ಡದನ್ನು ಕಳುಹಿಸಿದಾಗ ಅದು ಡ್ರೈವ್‌ನ ಕೊಂಡಿಯಾಗಿ ಹೋಗುತ್ತದೆ. ಮದುವೆಯ ಫೋಟೋಗಳು, ಮನೆಯ ನಕ್ಷೆ, ಸ್ಕ್ಯಾನ್ ಮಾಡಿದ ದೊಡ್ಡ ಕಾಗದಪತ್ರಗಳು ಬರುವುದು ಹೀಗೆಯೇ. ನಿಮ್ಮ ಬ್ಯಾಕಪ್ಪಿನಲ್ಲಿ ಕೊಂಡಿ ಮಾತ್ರ ಉಳಿಯುತ್ತದೆ. ಕಳುಹಿಸಿದವರು ತಮ್ಮ ಡ್ರೈವ್‌ನಿಂದ ಅಳಿಸಿದ ದಿನ ಆ ಕೊಂಡಿ ಸತ್ತಂತೆ. ‘ಕಾನ್ಫಿಡೆನ್ಶಿಯಲ್’ ವಿಧಾನದಲ್ಲಿ ಬಂದ ಪತ್ರಗಳದ್ದೂ ಇದೇ ಕಥೆ. ಡ್ರೈವ್ ಕೊಂಡಿಗಳ ಕಡತಗಳನ್ನು ಹುಡುಕಿ ಒಂದೊಂದಾಗಿ ಇಳಿಸಿಕೊಳ್ಳಬೇಕು, ಅಡ್ಡದಾರಿ ಇಲ್ಲ. ಕಾನ್ಫಿಡೆನ್ಶಿಯಲ್ ಪತ್ರಗಳನ್ನು ಇಳಿಸಿಕೊಳ್ಳಲು ಜಿಮೇಲ್ ಬಿಡುವುದೇ ಇಲ್ಲ.

ಬ್ಯಾಂಕು, ವಿಮೆ, ತೆರಿಗೆಯ ಪಿಡಿಎಫ್‌ಗಳು ಹಲವು ಸಲ ಪಾಸ್‌ವರ್ಡ್ ಬೀಗ ಹಾಕಿಕೊಂಡು ಬರುತ್ತವೆ. ಬೀಗ ತೆರೆಯುವ ಸೂತ್ರ, ಅಂದರೆ ಪ್ಯಾನ್ ಸಂಖ್ಯೆಯೋ ಹುಟ್ಟಿದ ದಿನಾಂಕವೋ, ಪತ್ರದ ಒಡಲಲ್ಲೇ ಬರೆದಿರುತ್ತದೆ. ಲಗತ್ತನ್ನು ಮಾತ್ರ ಉಳಿಸಿಕೊಂಡು ಪತ್ರವನ್ನು ಬಿಟ್ಟರೆ ಎಂಟು ವರ್ಷದ ನಂತರ ಆ ಕಡತದ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ.

ಕನ್ನಡದ ಪತ್ರಗಳ ಬಗ್ಗೆ ಒಂದು ಮಾತು. ಎಂಬಾಕ್ಸ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಕನ್ನಡದ ಜಾಗದಲ್ಲಿ ಸಮಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲು ಕಂಡು ಗಾಬರಿಯಾಗಬೇಡಿ. ಇಮೇಲ್ ಸಾಗುವಾಗ ಯೂನಿಕೋಡ್ ಅಕ್ಷರಗಳನ್ನು ಹಾಗೆ ಬರೆದುಕೊಳ್ಳುವುದು ರೂಢಿ. ಥಂಡರ್‌ಬರ್ಡ್‌ನಲ್ಲಿ ತೆರೆದರೆ ಕನ್ನಡವೇ ಕಾಣುತ್ತದೆ. ಯೂನಿಕೋಡ್ ನೆಲೆಯೂರುವ ಮೊದಲಿನ ಪತ್ರಗಳದ್ದು ಬೇರೆ ವಿಷಯ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಬರೆದ ಕಡತಗಳು ಆ ಫಾಂಟ್ ಇಲ್ಲದೆ ಓದಲು ಬರುವುದಿಲ್ಲ. ಅಂಥವು ನಿಮ್ಮಲ್ಲಿದ್ದರೆ ಫಾಂಟ್ ಕಡತಗಳನ್ನೂ ಅದೇ ಡಿಸ್ಕ್‌ನಲ್ಲಿ ಇಡಿ, ಸಾಧ್ಯವಾದರೆ ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿ ಒಂದು ಪ್ರತಿ ಮಾಡಿಕೊಳ್ಳಿ.

ಇಳಿಸಿಕೊಂಡ ಪ್ರತಿಯನ್ನು ಕಾಯುವುದು

ಜಿಮೇಲ್‌ನೊಳಗೆ ಇರುವವರೆಗೆ ನಿಮ್ಮ ಪತ್ರಗಳಿಗೆ ಪಾಸ್‌ವರ್ಡ್ ಇದೆ, ಎರಡು ಹಂತದ ಪರಿಶೀಲನೆ ಇದೆ. ಹೊರಗೆ ತಂದ ಎಂಬಾಕ್ಸ್ ಕಡತಕ್ಕೆ ಏನೂ ಇಲ್ಲ. ಪೆನ್ ಡ್ರೈವ್ ಆಟೋದಲ್ಲಿ ಬಿದ್ದುಹೋದರೆ, ಲ್ಯಾಪ್‌ಟಾಪ್ ರಿಪೇರಿಗೆ ಹೋದರೆ, ಎಲ್ಲವೂ ಬಯಲು. ಬ್ಯಾಕಪ್ ಮಾಡುವ ಬಹುಪಾಲು ಜನ ಎಡವುವುದು ಈ ಕೊನೆಯ ಹಂತದಲ್ಲಿ.

ವಿಂಡೋಸ್ ಪ್ರೊ ಇದ್ದವರು ಬಿಟ್‌ಲಾಕರ್‌ನಿಂದ ಹೊರಗಿನ ಡಿಸ್ಕ್‌ಗೆ ಬೀಗ ಹಾಕಬಹುದು. ಹೋಮ್ ಆವೃತ್ತಿಯಲ್ಲಿ ಹಾಗೆ ಬೀಗ ಹಾಕಿದ ಡಿಸ್ಕನ್ನು ತೆರೆಯಬಹುದು, ಹೊಸದಾಗಿ ಹಾಕಲಾಗದು. ಹೋಮ್ ಆವೃತ್ತಿಯವರಿಗೆ, ಮ್ಯಾಕ್ ಮತ್ತು ಲಿನಕ್ಸ್ ಎರಡರಲ್ಲೂ ತೆರೆಯಬೇಕಾದವರಿಗೆ, ವೆರಾಕ್ರಿಪ್ಟ್ ಎಂಬ ಬೀಗ ಹಾಕುವ ತಂತ್ರಾಂಶ ಉಚಿತವಾಗಿದೆ. ಅಷ್ಟೂ ಕಷ್ಟವೆನಿಸಿದರೆ 7-ಜಿಪ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಕಡತ ಕಟ್ಟಿ. ಕಡತಗಳ ಹೆಸರನ್ನೂ ಮುಚ್ಚುವ ಆಯ್ಕೆಯನ್ನು ಗುರುತು ಮಾಡಿ. ಈ ಪಾಸ್‌ವರ್ಡ್ ಮರೆತರೆ ಯಾವ ಸಹಾಯವಾಣಿಯೂ ನೆರವಾಗದು. ಅದನ್ನು ಕಾಗದದಲ್ಲಿ ಬರೆದು ಮನೆಯ ಆಸ್ತಿಪತ್ರಗಳ ಜೊತೆ ಇಡಿ, ಡಿಸ್ಕ್‌ನ ಡಬ್ಬಿಯಲ್ಲಿ ಇಡಬೇಡಿ.

ಪೆನ್ ಡ್ರೈವ್‌ಗಿಂತ ಹೊರಗಿನ ಹಾರ್ಡ್ ಡಿಸ್ಕ್ ನಂಬಿಕಸ್ತ. ಪೆನ್ ಡ್ರೈವ್ ಬಳಸಲೇಬೇಕಾದರೆ ಅದರ ಫಾರ್ಮ್ಯಾಟ್ ನೋಡಿ: ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಬದಲಿಸಬೇಕು. ಯಾವುದೇ ಡಿಸ್ಕ್ ಆದರೂ ಕೆಲಸ ಮುಗಿದ ಕೂಡಲೇ ಕಂಪ್ಯೂಟರಿನಿಂದ ಕಳಚಿಡಿ, ಏಕೆಂದರೆ ರ‍್ಯಾನ್ಸಮ್‌ವೇರ್, ಅಂದರೆ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ, ಜೋಡಿಸಿರುವ ಡಿಸ್ಕನ್ನೂ ಬಿಡುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬುದು ಈ ಕ್ಷೇತ್ರದ ಹಳೆಯ ನಿಯಮ. ಮನೆಗೆ ಅದನ್ನು ಹೀಗೆ ಹೊಂದಿಸಿಕೊಳ್ಳಬಹುದು: ಜಿಮೇಲ್‌ನಲ್ಲಿರುವುದು ಒಂದು, ಬೀರುವಿನ ಡಿಸ್ಕ್ ಎರಡು, ಊರಿನಲ್ಲಿರುವ ಅಣ್ಣನ ಮನೆಯ ಬೀಗ ಹಾಕಿದ ಡಿಸ್ಕ್ ಮೂರು.

ಹಾಗಾದರೆ ಯಾರಿಗೆ ಯಾವುದು?

ಫೋನ್ ಒಂದೇ ಇದ್ದು ಕಂಪ್ಯೂಟರ್ ಇಲ್ಲದವರು ಎಲ್ಲವನ್ನೂ ಉಳಿಸುವ ಆಸೆ ಬಿಡುವುದು ಲೇಸು. ತೆರಿಗೆ, ವಿಮೆ, ಆಸ್ತಿ, ಶಿಕ್ಷಣ, ಕುಟುಂಬ ಎಂದು ನಾಲ್ಕೈದು ಲೇಬಲ್ ಮಾಡಿಕೊಂಡು, ಅವನ್ನಷ್ಟೇ ಟೇಕ್‌ಔಟ್‌ನಲ್ಲಿ ಇಳಿಸಿ, ಫೋನಿಗೆ ನೇರವಾಗಿ ಜೋಡಿಸಬಹುದಾದ ಒಟಿಜಿ ಪೆನ್ ಡ್ರೈವ್‌ಗೆ ಹಾಕಿ. ಲೇಬಲ್ ಮಾಡುವ ಕೆಲಸಕ್ಕಾಗಿ ಮಕ್ಕಳ, ನಂಬಿಕೆಯ ಬಂಧುವಿನ ಕಂಪ್ಯೂಟರ್ ಬಳಸಬಹುದು. ಸೈಬರ್ ಸೆಂಟರ್‌ನಲ್ಲಿ ಈ ಕೆಲಸ ಎಂದಿಗೂ ಬೇಡ. ನಿಮ್ಮ ಇಡೀ ಬದುಕಿನ ಕಡತವೊಂದು ಅಲ್ಲಿನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿದುಬಿಡುತ್ತದೆ.

ಮನೆಯಲ್ಲಿ ಕಂಪ್ಯೂಟರ್, ಒಳ್ಳೆಯ ಇಂಟರ್‌ನೆಟ್ ಎರಡೂ ಇದ್ದವರಿಗೆ ವರ್ಷಕ್ಕೆ ಎರಡು ಸಲ ಟೇಕ್‌ಔಟ್ ಮತ್ತು ಬೀಗ ಹಾಕಿದ ಹಾರ್ಡ್ ಡಿಸ್ಕ್ ಸಾಕು. ಖರ್ಚು ಡಿಸ್ಕಿನದು ಮಾತ್ರ. ಹಳೆಯ ಪತ್ರಗಳನ್ನು ಆಗಾಗ ಹುಡುಕುವ ಅಭ್ಯಾಸವಿದ್ದರೆ, ಇಲ್ಲವೇ ಮನೆಯಲ್ಲಿ ನಾಲ್ಕಾರು ಖಾತೆಗಳಿದ್ದರೆ ಮೇಲ್‌ಸ್ಟೋರ್ ಹೋಮ್ ಸೇರಿಸಿಕೊಳ್ಳಿ; ಮ್ಯಾಕ್ ಅಥವಾ ಲಿನಕ್ಸ್ ಆದರೆ ಥಂಡರ್‌ಬರ್ಡ್. ಇಂಟರ್‌ನೆಟ್ ನಿಧಾನವಿದ್ದರೆ ಥಂಡರ್‌ಬರ್ಡ್ ಮೊದಲು, ಟೇಕ್‌ಔಟ್ ಆಮೇಲೆ.

ಕಾಲೇಜಿನ ಖಾತೆ ಬಳಸುತ್ತಿರುವ ವಿದ್ಯಾರ್ಥಿಗಳು ಕೊನೆಯ ಸೆಮಿಸ್ಟರ್‌ವರೆಗೆ ಕಾಯಬಾರದು. ಪದವಿ ಮುಗಿದ ಮೇಲೆ ಅದು ಯಾವಾಗ ಮುಚ್ಚುತ್ತದೆಂಬುದು ಸಂಸ್ಥೆಯ ನಿರ್ಧಾರ. ಶಾಲಾ ಕಾಲೇಜುಗಳ ಗೂಗಲ್ ಖಾತೆಯಿಂದ ಸ್ವಂತ ಜಿಮೇಲ್‌ಗೆ ಪತ್ರ ಮತ್ತು ಡ್ರೈವ್ ಕಡತಗಳನ್ನು ನೇರವಾಗಿ ವರ್ಗಾಯಿಸುವ ಸೌಲಭ್ಯವಿದೆ, ಸಂಸ್ಥೆ ಅದನ್ನು ತೆರೆದಿಟ್ಟಿದ್ದರೆ. ಮೊದಲು ಅದನ್ನು ನೋಡಿ.

ಯಾವ ದಾರಿ ಹಿಡಿದರೂ, ಪ್ರತಿ ಸಿದ್ಧವಾದ ಮೇಲೆ ಇಂಟರ್‌ನೆಟ್ ಆರಿಸಿ ಮೂರು ಪತ್ರಗಳನ್ನು ತೆರೆದು ನೋಡಿ: ಅತ್ಯಂತ ಹಳೆಯದು ಒಂದು, ದೊಡ್ಡ ಲಗತ್ತಿರುವುದು ಒಂದು, ಕನ್ನಡದಲ್ಲಿರುವುದು ಒಂದು. ಮೂರೂ ತೆರೆದ ಮೇಲಷ್ಟೇ ಜಿಮೇಲ್‌ನಲ್ಲಿ ಜಾಗಕ್ಕಾಗಿ ಏನನ್ನಾದರೂ ಅಳಿಸುವ ಯೋಚನೆ ಮಾಡಿ.

ವಯಸ್ಸಾದ ತಂದೆತಾಯಿಯ ಖಾತೆ ನೋಡಿಕೊಳ್ಳುವವರಿಗೆ ಇನ್ನೊಂದು ಸೌಲಭ್ಯವನ್ನು ಹೇಳಲೇಬೇಕು. ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆ ನಿರ್ವಹಣೆ ಎಂಬ ಪುಟವಿದೆ. 3, 6, 12 ಅಥವಾ 18 ತಿಂಗಳು ಖಾತೆ ಬಳಸದಿದ್ದರೆ ಯಾರಿಗೆ ತಿಳಿಸಬೇಕು, ಯಾವ ದತ್ತಾಂಶವನ್ನು ಯಾರಿಗೆ ಕೊಡಬೇಕು ಎಂಬುದನ್ನು ಹತ್ತು ಜನರವರೆಗೆ ಹೆಸರಿಸಿ ಇಡಬಹುದು. ಇದನ್ನು ಖಾತೆದಾರರು ತಾವು ಇರುವಾಗಲೇ ಮಾಡಬೇಕು. ಅವರ ನಂತರ ಮನೆಯವರು ಗೂಗಲ್‌ಗೆ ಅರ್ಜಿ ಹಾಕಬಹುದಾದರೂ ಪತ್ರಗಳು ಸಿಗುತ್ತವೆಂಬ ಖಾತ್ರಿಯಿಲ್ಲ. ಅಪ್ಪನ ಜೊತೆ ಕೂತು, ಅವರ ಒಪ್ಪಿಗೆ ಕೇಳಿ, ಅವರ ಕೈಯಿಂದಲೇ ಹೆಸರುಗಳನ್ನು ತುಂಬಿಸಿ. ಅದೇ ಕೂರಿಕೆಯಲ್ಲಿ ಮರುಪಡೆಯುವಿಕೆಯ ಫೋನ್ ಸಂಖ್ಯೆ ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಿ, ಎರಡು ಹಂತದ ಪರಿಶೀಲನೆಯ ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ ಅವರ ಕಾಗದಪತ್ರಗಳ ಕಡತಕ್ಕೆ ಸೇರಿಸಿ.